ಒಂದೇ ಗುರಿ, ಮೂರು ಲೆಕ್ಕ: ಗೂಗಲ್ ಅನಲಿಟಿಕ್ಸ್ 4, ಮಟೋಮೊ ಮತ್ತು ಪ್ಲಾಸಿಬಲ್

ನನ್ನ ಜಾಲತಾಣಕ್ಕೆ ಇರುವ ಗುರಿ ಒಂದೇ. ಲೇಖನ ಓದಲು ಬಂದವರು ಪುಟದ ಕೊನೆಯಲ್ಲಿರುವ ಫಾರ್ಮಿನಲ್ಲಿ ಇಮೇಲ್ ವಿಳಾಸ ತುಂಬಿ ಸುದ್ದಿಪತ್ರಕ್ಕೆ ಚಂದಾದಾರರಾಗಬೇಕು. ಫಾರ್ಮ್ ಸಲ್ಲಿಸಿದವರಿಗೆ ಧನ್ಯವಾದ ಹೇಳುವ ಪುಟವೊಂದು ತೆರೆದುಕೊಳ್ಳುತ್ತದೆ. ಆ ಪುಟ ಕಂಡವರನ್ನು ಎಣಿಸಿದರೆ ಚಂದಾದಾರರನ್ನು ಎಣಿಸಿದಂತೆಯೇ ಎಂದುಕೊಂಡು, ಜಾಲತಾಣದ ಭೇಟಿಗಳನ್ನು ಎಣಿಸುವ ಸಾಧನಗಳಾದ ಗೂಗಲ್ ಅನಲಿಟಿಕ್ಸ್ 4, ಮಟೋಮೊ, ಪ್ಲಾಸಿಬಲ್ ಮೂರನ್ನೂ ಒಂದೇ ತಾಣದಲ್ಲಿ ಅಳವಡಿಸಿ ಕೆಲವು ತಿಂಗಳು ಜೊತೆಜೊತೆಯಾಗಿ ನಡೆಸಿದೆ. ಮೂರೂ ಮೂರು ಸಂಖ್ಯೆಗಳನ್ನು ಹೇಳಿದವು; ಚಂದಾದಾರರ ಪಟ್ಟಿಯಲ್ಲಿ ಇದ್ದದ್ದು ನಾಲ್ಕನೆಯ ಸಂಖ್ಯೆ.

ವ್ಯತ್ಯಾಸ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಲು, ಜಾಹೀರಾತು ತಡೆಯುವ ಯಾವ ವಿಸ್ತರಣೆಯೂ ಇಲ್ಲದ ಬ್ರೌಸರಿನಿಂದ ನಾನೇ ಒಮ್ಮೆ ಫಾರ್ಮ್ ಸಲ್ಲಿಸಿ, ಧನ್ಯವಾದದ ಪುಟ ಬಂದ ಮೇಲೆ ಅದನ್ನು ಮೂರು ಬಾರಿ ರಿಫ್ರೆಶ್ ಮಾಡಿದೆ. ಮಟೋಮೊ ಇದನ್ನು 1 ಎಂದು ಬರೆದುಕೊಂಡಿತು, ಏಕೆಂದರೆ ಅಲ್ಲಿ ಗುರಿಯೊಂದನ್ನು ರಚಿಸುವಾಗ ‘ಒಂದು ಭೇಟಿಗೆ ಒಮ್ಮೆ ಮಾತ್ರ’ ಎಂಬ ಆಯ್ಕೆ ಮೊದಲೇ ಗುರುತಾಗಿರುತ್ತದೆ. ಪ್ಲಾಸಿಬಲ್ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿ ತೋರಿಸಿತು: ವ್ಯಕ್ತಿಗಳ ಲೆಕ್ಕದಲ್ಲಿ 1, ಒಟ್ಟು ಲೆಕ್ಕದಲ್ಲಿ 4. ಗೂಗಲ್ ಅನಲಿಟಿಕ್ಸ್ 4 ತೋರಿಸಿದ್ದು 4 ಮಾತ್ರ. ಅಲ್ಲಿ ಎಣಿಕೆಯ ವಿಧಾನ ಮೂಲತಃ ‘ಪ್ರತಿ ಈವೆಂಟಿಗೂ ಒಂದು’ ಎಂದಿರುತ್ತದೆ; ಈವೆಂಟ್ ಎಂದರೆ ತಾಣದಲ್ಲಿ ದಾಖಲಾಗುವ ಒಂದೊಂದು ಕ್ರಿಯೆ. ಅದನ್ನು ‘ಪ್ರತಿ ಸೆಷನ್ನಿಗೆ ಒಂದು’, ಅಂದರೆ ಒಂದು ಭೇಟಿಗೆ ಒಂದು, ಎಂದು ಬದಲಿಸಿ ಮತ್ತೊಮ್ಮೆ ಪರೀಕ್ಷಿಸಿದಾಗ ಅದೂ 1 ಎಂದಿತು. 2023ರ ಜುಲೈ 1ರಿಂದ ಹಂತಹಂತವಾಗಿ ನಿಂತುಹೋದ, ಗೂಗಲ್‌ನದೇ ಹಳೆಯ ಯೂನಿವರ್ಸಲ್ ಅನಲಿಟಿಕ್ಸ್‌ನಲ್ಲಿ ಒಂದು ಗುರಿ ಒಂದು ಸೆಷನ್ನಿನಲ್ಲಿ ಒಮ್ಮೆ ಮಾತ್ರ ಲೆಕ್ಕಕ್ಕೆ ಸೇರುತ್ತಿತ್ತು. ಆ ರೂಢಿಯಲ್ಲಿದ್ದವರು ಹೊಸದಕ್ಕೆ ಬಂದಾಗ ಅಂಕಿ ಏರಿದ್ದನ್ನು ಕಂಡು ಹಿಗ್ಗುವ ಮೊದಲು ಈ ಒಂದು ಆಯ್ಕೆಯನ್ನು ನೋಡಿಕೊಳ್ಳುವುದು ಒಳಿತು. ಇವುಗಳಲ್ಲಿ ಯಾವುದೂ ತಪ್ಪು ಲೆಕ್ಕವಲ್ಲ. ಒಬ್ಬರೇ ನಾಲ್ಕು ಬೇರೆ ಬೇರೆ ಕಡತಗಳನ್ನು ಇಳಿಸಿಕೊಳ್ಳುವ ತಾಣಕ್ಕೆ 4 ಎಂಬುದೇ ಸರಿಯಾದ ಉತ್ತರ. ಚಂದಾದಾರಿಕೆಗೆ ಮಾತ್ರ ಅದು ಒಗ್ಗದು.

ಗುರಿಯನ್ನು ರಚಿಸುವ ಕೆಲಸದಲ್ಲಿ ಹೇಳಿಕೊಳ್ಳುವಂಥ ಕಷ್ಟ ಎಲ್ಲಿಯೂ ಇಲ್ಲ. ಪ್ಲಾಸಿಬಲ್‌ಗೆ ಪುಟದ ವಿಳಾಸ ಕೊಟ್ಟರೆ ಸಾಕು. ಮಟೋಮೊದಲ್ಲಿ ವಿಳಾಸ, ಪುಟದ ಶೀರ್ಷಿಕೆ, ಕಡತದ ಡೌನ್‌ಲೋಡ್, ಹೊರತಾಣದ ಕೊಂಡಿ ಇವುಗಳಲ್ಲಿ ಯಾವುದು ಗುರಿ ಎಂದು ಕೇಳುವ ಒಂದೇ ಪರದೆ ಇದೆ. ಗೂಗಲ್‌ನದು ಎರಡು ಹೆಜ್ಜೆಯ ದಾರಿ: ಧನ್ಯವಾದದ ಪುಟದ ವೀಕ್ಷಣೆಯಿಂದ ಹೊಸದೊಂದು ಈವೆಂಟನ್ನು ಹುಟ್ಟಿಸಬೇಕು, ಅನಂತರ ಅದನ್ನು ‘ಪ್ರಮುಖ ಈವೆಂಟ್’ ಎಂದು ಗುರುತಿಸಬೇಕು. 2024ರ ಮಾರ್ಚ್‌ವರೆಗೆ ಇದನ್ನೇ ಕನ್ವರ್ಷನ್ ಎನ್ನುತ್ತಿದ್ದರು. ಈಗ ಆ ಹೆಸರು ಜಾಹೀರಾತಿನ ಲೆಕ್ಕಕ್ಕೆ ಮೀಸಲಾಗಿದೆ. ಹಳೆಯ ಪಾಠಗಳನ್ನು ಓದಿಕೊಂಡು ಕೂತವರು ಇಲ್ಲಿ ಸ್ವಲ್ಪ ಹೊತ್ತು ತಡಕಾಡಬೇಕಾಗುತ್ತದೆ. ನಾನೂ ತಡಕಾಡಿದೆ.

ತಪ್ಪು ಮಾಡಿದ ಮೇಲೆ ಏನಾಗುತ್ತದೆ ಎಂಬಲ್ಲಿ ಮಾತ್ರ ಇವು ನಿಜವಾಗಿ ಬೇರೆಯಾಗುತ್ತವೆ. ವಿಳಾಸದಲ್ಲಿ ‘ಥ್ಯಾಂಕ್ಸ್’ ಎಂಬ ಪದ ಇದ್ದರೆ ಗುರಿ ಮುಟ್ಟಿದಂತೆ ಎಂದು ಮೂರೂ ಕಡೆ ಬರೆದಿದ್ದೆ. ಅದೇ ಪದವುಳ್ಳ ವಿಳಾಸದಲ್ಲಿ ನನ್ನದೇ ಹಳೆಯ ಲೇಖನವೊಂದು ಇದೆ ಎಂಬುದು ಮರೆತೇ ಹೋಗಿತ್ತು. ಅದನ್ನು ಓದಿದವರೆಲ್ಲರೂ ಚಂದಾದಾರರಾಗಿ ನಮೂದಾಗುತ್ತಿದ್ದರು. ಮಟೋಮೊದಲ್ಲಿಯೂ ಗೂಗಲ್‌ನಲ್ಲಿಯೂ ತಿದ್ದುಪಡಿ ಅಂದಿನಿಂದ ಮುಂದಕ್ಕೆ ಮಾತ್ರ ಅನ್ವಯಿಸಿತು, ಕೆಟ್ಟ ದಿನಗಳು ವರದಿಯಲ್ಲಿ ಕೆಟ್ಟದ್ದಾಗಿಯೇ ಉಳಿದವು. ಪ್ಲಾಸಿಬಲ್‌ನಲ್ಲಿ ಪುಟದ ಗುರಿ ಎಂಬುದು ಈಗಾಗಲೇ ಸಂಗ್ರಹವಾಗಿರುವ ಪುಟ ವೀಕ್ಷಣೆಗಳ ಮೇಲೆ ಹಿಡಿದ ಜರಡಿಯಷ್ಟೇ ಆದುದರಿಂದ, ಪೂರ್ಣ ವಿಳಾಸ ಕೊಟ್ಟು ಹೊಸ ಗುರಿ ರಚಿಸಿದ ಕೂಡಲೇ ಹಿಂದಿನ ದಿನಗಳ ಲೆಕ್ಕವೂ ಸರಿಹೋಯಿತು. ಗುರಿ ಯಾವುದೆಂದು ಇನ್ನೂ ನಿರ್ಧರಿಸಿರದವರಿಗೆ ಈ ಒಂದು ಗುಣವೇ ದೊಡ್ಡ ಅನುಕೂಲ. ಹಿಂದಿನದನ್ನು ನೋಡುವ ಮಾತು ಬಂದಿರುವುದರಿಂದ ಇನ್ನೊಂದು ವಿಷಯ: ಅಂಕಿಗಳನ್ನು ವಿವರವಾಗಿ ಕೆದಕಿ ನೋಡುವ ಗೂಗಲ್‌ನ ಎಕ್ಸ್‌ಪ್ಲೋರೇಷನ್ ವರದಿಗಳಿಗೆ ಬೇಕಾದ ವಿವರಗಳು ಮೂಲತಃ 2 ತಿಂಗಳು ಮಾತ್ರ ಉಳಿಯುತ್ತವೆ. ಸೆಟ್ಟಿಂಗ್ ಬದಲಿಸಿದರೆ 14 ತಿಂಗಳು ಉಳಿಸಬಹುದು; ಅದನ್ನು ಮೊದಲ ದಿನವೇ ಮಾಡಬೇಕು.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಚಂದಾದಾರರ ಪಟ್ಟಿ ಮೂರೂ ಸಾಧನಗಳ ಲೆಕ್ಕಕ್ಕಿಂತ ಚಿಕ್ಕದಾಗಿಯೇ ಇತ್ತು. ಕಾರಣ ನನ್ನ ಗುರಿಯಲ್ಲೇ ಇತ್ತು. ಫಾರ್ಮ್ ತುಂಬಿದವರಿಗೆ ಒಂದು ದೃಢೀಕರಣ ಪತ್ರ ಹೋಗುತ್ತದೆ, ಅದರಲ್ಲಿನ ಕೊಂಡಿ ಒತ್ತಿದವರು ಮಾತ್ರ ಪಟ್ಟಿಗೆ ಸೇರುತ್ತಾರೆ. ಅಂದರೆ ನಾನು ಎಣಿಸುತ್ತಿದ್ದುದು ಆಸೆಪಟ್ಟವರನ್ನು, ಸೇರಿದವರನ್ನಲ್ಲ. ಹೀಗಾಗಿ ಗುರಿಯನ್ನು ದೃಢೀಕರಣದ ಪುಟಕ್ಕೆ ಸ್ಥಳಾಂತರಿಸಿದೆ. ಅಲ್ಲಿಂದ ಹೋಲಿಕೆಯ ಸ್ವರೂಪವೇ ಬದಲಾಯಿತು.

ದೃಢೀಕರಣದ ಕೊಂಡಿಯನ್ನು ಜನ ಆ ಕ್ಷಣದಲ್ಲೇ ಒತ್ತುವುದಿಲ್ಲ. ರಾತ್ರಿ ಲೇಖನ ಓದಿದವರು ಬೆಳಗ್ಗೆ ಪತ್ರ ತೆರೆಯುತ್ತಾರೆ. ಪ್ಲಾಸಿಬಲ್ ಕುಕಿ, ಅಂದರೆ ಮರಳಿ ಬಂದವರನ್ನು ಗುರುತಿಸಲು ಬ್ರೌಸರಿನಲ್ಲಿ ಉಳಿಸುವ ಪುಟ್ಟ ಗುರುತು, ಬಳಸುವುದಿಲ್ಲ. ಐಪಿ ವಿಳಾಸ, ಬ್ರೌಸರಿನ ವಿವರ ಮೊದಲಾದವುಗಳನ್ನು ದಿನಕ್ಕೊಮ್ಮೆ ಬದಲಾಗುವ ಒಂದು ಗುಪ್ತ ಸಂಖ್ಯೆಯೊಂದಿಗೆ ಬೆರೆಸಿ ಗುರುತು ತಯಾರಿಸುವುದರಿಂದ, ನಿನ್ನೆಯ ಓದುಗ ಇಂದು ಅದಕ್ಕೆ ಅಪರಿಚಿತ. ದೃಢೀಕರಣವಾಯಿತು ಎಂಬುದು ಗೊತ್ತಾಗುತ್ತದೆ, ಯಾವ ಲೇಖನ ಅವರನ್ನು ಕರೆತಂದಿತು ಎಂಬುದು ಕಳೆದುಹೋಗುತ್ತದೆ. ಖಾಸಗಿತನ ಕಾಯುವ ವಿನ್ಯಾಸಕ್ಕೆ ತೆರಬೇಕಾದ ಬೆಲೆ ಇದು, ದೋಷವೆಂದು ನಾನು ಹೇಳಲಾರೆ. ಮಟೋಮೊ ಕುಕಿಯ ನೆರವಿನಿಂದ ಮರಳಿ ಬಂದವರನ್ನು ಗುರುತಿಸುತ್ತದೆ. ಮೊದಲ ಭೇಟಿಯಿಂದ ಗುರಿ ಮುಟ್ಟುವವರೆಗೆ ಎಷ್ಟು ದಿನ, ಎಷ್ಟು ಭೇಟಿ ಹಿಡಿಯಿತು ಎಂಬ ಪ್ರತ್ಯೇಕ ವರದಿಗಳೂ ಅಲ್ಲಿವೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದರ ಭೇಟಿಗಳ ದಾಖಲೆ: ಹೆಸರಿಲ್ಲದ ಒಬ್ಬ ಓದುಗ ಹುಡುಕಾಟದಿಂದ ಬಂದು, ಒಂದು ಲೇಖನ ಓದಿ, ಹಳೆಯ ಇನ್ನೆರಡನ್ನು ತೆರೆದು, ಮರುದಿನ ಮರಳಿ ದೃಢೀಕರಿಸಿದ್ದನ್ನು ಸಾಲುಸಾಲಾಗಿ ಓದಿದಾಗ, ಶೇಕಡಾವಾರು ಅಂಕಿಗಳು ಹೇಳದ ಸಂಗತಿಗಳು ತಿಳಿಯುತ್ತವೆ. ಲೇಖನವನ್ನು ಕಂಪ್ಯೂಟರಿನಲ್ಲಿ ಓದಿ ಪತ್ರವನ್ನು ಫೋನಿನಲ್ಲಿ ತೆರೆದವರ ಮುಂದೆ ಮಾತ್ರ ಕುಕಿಯ ಆಟ ನಡೆಯುವುದಿಲ್ಲ. ಕುಕಿಗೆ ಒಪ್ಪಿಗೆ ಕೇಳುವ ಬ್ಯಾನರನ್ನು ತಾಣದಲ್ಲಿ ಹಾಕಿ, ನಿರಾಕರಿಸಿದವರನ್ನು ಬಿಟ್ಟುಕೊಡಬೇಕಾದೀತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಿಮ್ಮದೇ ಸರ್ವರಿನಲ್ಲಿ ಮಟೋಮೊ ನಡೆಸುವುದಾದರೆ ಡೇಟಾಬೇಸಿನ ಗಾತ್ರ, ಹೊಸ ಆವೃತ್ತಿಗಳು, ನಿಗದಿತ ಹೊತ್ತಿಗೆ ತಾನಾಗಿ ಓಡಿ ವರದಿ ತಯಾರಿಸುವ ಕ್ರಾನ್ ಕೆಲಸ ಇವೆಲ್ಲವೂ ನಿಮ್ಮ ತಲೆಗೇ ಬರುತ್ತವೆ.

ಗೂಗಲ್ ಅನಲಿಟಿಕ್ಸ್ 4 ದಿನಗಳ ಅಂತರದ ಪಯಣವನ್ನು ಜೋಡಿಸಬಲ್ಲದು, ಹಂತಹಂತವಾಗಿ ಜನ ಎಲ್ಲಿ ಉದುರಿಹೋಗುತ್ತಾರೆ ಎಂದು ತೋರಿಸುವ ಫನಲ್ ವರದಿಯನ್ನೂ ಶುಲ್ಕವಿಲ್ಲದೆ ಕೊಡುತ್ತದೆ. ಗೂಗಲ್ ಜಾಹೀರಾತು ಕೊಡುವವರಿಗೆ ಇದಕ್ಕೆ ಬದಲಿ ಹುಡುಕುವುದು ಕಷ್ಟ. ಆದರೆ ವರದಿಗಳು ಪೂರ್ಣವಾಗಲು 24ರಿಂದ 48 ಗಂಟೆ ಹಿಡಿಯಬಹುದಾದ್ದರಿಂದ, ಗುರಿಯನ್ನು ತಿದ್ದಿ ಅದೇ ಸಂಜೆ ಫಲಿತಾಂಶ ನೋಡಬೇಕೆನ್ನುವವರು ಈವೆಂಟುಗಳನ್ನು ಆಗಿಂದಾಗಲೇ ತೋರಿಸುವ ಡೀಬಗ್‌ವ್ಯೂನಂಥ ಪರದೆಯನ್ನು ನೆಚ್ಚಿಕೊಳ್ಳಬೇಕು. ಜಾಹೀರಾತೇ ಇಲ್ಲದ ನನ್ನ ತಾಣಕ್ಕೆ ಅದರ ಯಂತ್ರಸಾಮಗ್ರಿ ಅತಿಯಾಯಿತು.

ಈಗ ಗೂಗಲ್‌ನ ಸ್ಕ್ರಿಪ್ಟನ್ನು ತೆಗೆದಿದ್ದೇನೆ. ಪ್ಲಾಸಿಬಲ್ ದಿನದ ಇಣುಕುನೋಟಕ್ಕೆ ಉಳಿದಿದೆ, ಅದರಲ್ಲಿ ಧನ್ಯವಾದದ ಪುಟವೇ ಗುರಿ. ಮಟೋಮೊದಲ್ಲಿ ದೃಢೀಕರಣದ ಪುಟ ಗುರಿ. ವಿಳಾಸ ಅಕ್ಷರಶಃ ಹೊಂದಬೇಕು, ಒಂದು ಭೇಟಿಗೆ ಒಂದೇ ಎಣಿಕೆ, ನನ್ನ ಬ್ರೌಸರ್ ಲೆಕ್ಕದಿಂದ ಹೊರಗೆ. ತಿಂಗಳ ಮೊದಲ ದಿನ ಈ ಸಂಖ್ಯೆಯನ್ನು ಚಂದಾದಾರರ ಪಟ್ಟಿಯ ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ತಡೆ ವಿಸ್ತರಣೆಗಳ ಕಾರಣದಿಂದ ಮಟೋಮೊ ಈಗ ಯಾವಾಗಲೂ ಸ್ವಲ್ಪ ಹಿಂದೆ ಇರುತ್ತದೆ; ಅದು ಪಟ್ಟಿಗಿಂತ ಮುಂದೆ ಹೋದ ತಿಂಗಳು ಮೊದಲು ನನ್ನ ಫಾರ್ಮನ್ನೇ ಪರೀಕ್ಷಿಸುತ್ತೇನೆ.