ಐಕಿಯಾ ಸ್ನಿಗ್ಲಾರ್: ಮಗುವಿಗೆ ಸಾದಾ ಮಂಚ, ಸಾಕಷ್ಟು ಗಟ್ಟಿ

ಬಣ್ಣ, ಪಾಲಿಶ್ ಏನೂ ಇಲ್ಲದ ಬೀಚ್ (beech) ಎಂಬ ಗಟ್ಟಿ ಮರದ ಮಂಚ. ಮಗು ಕಂಬಿ ಕಚ್ಚಿದರೂ ಬಣ್ಣ ಹೊಟ್ಟೆಗೆ ಹೋಗುವ ಭಯವಿಲ್ಲ. ಆದರೆ ಪಾಲಿಶ್ ಇಲ್ಲದ ಮರ ಉಚ್ಚೆ, ಹಾಲಿನ ಕಲೆ ಬೇಗ ಹೀರುತ್ತದೆ. ಚೆಲ್ಲಿದ ಕೂಡಲೇ ಒರೆಸಬೇಕು. ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡಬೇಡಿ, ಬೂಸಲು ಹಿಡಿಯುತ್ತದೆ.

ತಳದ ಹಲಗೆಗೆ ಎರಡು ಎತ್ತರ. ಬಾಣಂತಿಗೆ ಬಗ್ಗುವುದು ಕಷ್ಟ, ಮೊದಲು ಮೇಲಿನದೇ ಸರಿ. ಮಗು ಎದ್ದು ಕೂರಲು ಶುರುಮಾಡಿದ ದಿನವೇ ಕೆಳಗಿಳಿಸಿ. ಮಗು ತಾನೇ ಹತ್ತಿ ಇಳಿಯುವಷ್ಟು ದೊಡ್ಡದಾದ ಮೇಲೆ ಒಂದು ಬದಿಯ ಕಟಕಟೆ ತೆಗೆಯಬಹುದು.

ಹಾಸಿಗೆ ಬೇರೆಯೇ ಕೊಳ್ಳಬೇಕು: 60×120 ಸೆಂ.ಮೀ. ಎಡವಟ್ಟಾಗುವುದು ಇಲ್ಲೇ. ಅಂದಾಜಿನಲ್ಲಿ ಹೊಲಿಸಿದ ಹತ್ತಿ ಹಾಸಿಗೆ ನಡುವೆ ಕುಸಿದು ಅಂಚಲ್ಲಿ ಸಂದು ಬಿಡುತ್ತದೆ, ಮಗುವಿನ ಮುಖ ಅಲ್ಲಿ ಸಿಕ್ಕಿಕೊಳ್ಳಬಹುದು. ಗಟ್ಟಿ ಫೋಮ್ ತನ್ನಿ. ಅಂಚಿನಲ್ಲಿ ಎರಡು ಬೆರಳು ತೂರಿದರೆ ಅದು ಬೇಡ. ದಪ್ಪ ಹಾಸಿಗೆಯೂ ಬೇಡ, ಕಟಕಟೆಯ ಎತ್ತರ ಕಡಿಮೆಯಾಗುತ್ತದೆ. ದಿಂಬು, ಸುತ್ತ ಕಟ್ಟುವ ಮೆತ್ತೆ ದಯವಿಟ್ಟು ಹಾಕಲೇಬೇಡಿ.

ಜೋಡಿಸುವಾಗ ಎಲ್ಲ ಸ್ಕ್ರೂಗಳನ್ನೂ ಸಡಿಲವಾಗಿ ಕೂರಿಸಿ, ಮಂಚವನ್ನು ಸಮನೆಲದಲ್ಲಿ ನಿಲ್ಲಿಸಿ ಆಮೇಲೆ ಬಿಗಿ ಮಾಡಿ. ಎರಡು ವಾರ ಬಿಟ್ಟು ಮತ್ತೊಮ್ಮೆ ಬಿಗಿಯಿರಿ. ಸೊಳ್ಳೆ ಪರದೆಗೆ ಕಂಬಗಳಿಲ್ಲ, ಸೀಲಿಂಗಿನ ಕೊಂಡಿಯಿಂದ ಇಳಿಬಿಡಬೇಕು.