ಮಾಲ್ಗುಡಿ ನೋಡೋಕೆ ಎಲ್ಲಿಗೆ ಹೋಗೋದು: ಆಗುಂಬೆಗಾ, ಅರಸಾಳಿಗಾ?

ವಿಜಯಪುರದ ನಮ್ಮ ಓಣಿಯಲ್ಲಿ ಆಗ ಒಂದೇ ಟಿವಿ. ಆರ್.ಕೆ. ನಾರಾಯಣ್ ಕಥೆಗಳಲ್ಲಿ ಬರುವ ಕಾಲ್ಪನಿಕ ಊರು ಮಾಲ್ಗುಡಿಯ ಧಾರಾವಾಹಿ ‘ಮಾಲ್ಗುಡಿ ಡೇಸ್’ 1986ರಲ್ಲಿ ಶುರುವಾದಾಗ ಆ ಮನೆಯ ಪಡಸಾಲೆ ತುಂಬಿ ಹೊರಗಿನ ಕಟ್ಟೆಯವರೆಗೂ ಜನ ಕೂರುತ್ತಿದ್ದರು. ಧಾರಾವಾಹಿ ಹಿಂದಿಯಲ್ಲಿತ್ತು. ನಮ್ಮೂರಲ್ಲಿ ಅದೇನು ದೊಡ್ಡ ತೊಡಕಲ್ಲ, ಬಜಾರಿನಲ್ಲಿ ದಿನಾ ಕೇಳುವ ಭಾಷೆಯೇ. ಅವ್ವನಿಗೆ ತಲೆ ತಿನ್ನುತ್ತಿದ್ದುದು ಬೇರೆ ಪ್ರಶ್ನೆ: ‘ಇಷ್ಟು ಹಸಿರು ಇರೋ ಊರು ಯಾವುದಪ್ಪಾ?’

ಆ ಪ್ರಶ್ನೆಗೆ ಉತ್ತರ ತೋರಿಸಲು ಕಳೆದ ಜುಲೈನಲ್ಲಿ ಅವ್ವನನ್ನೂ ನನ್ನ ಹತ್ತು ವರ್ಷದ ಮಗನನ್ನೂ ಕರೆದುಕೊಂಡು ಹೊರಟೆ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ರಾತ್ರೋರಾತ್ರಿ ದಾವಣಗೆರೆಯಲ್ಲಿ ಇಳಿದೆವು. ಅಲ್ಲಿಂದ ಬಸ್ಸಿನಲ್ಲಿ ಶಿವಮೊಗ್ಗ. ಮೊದಲ ದಿನ ಅರಸಾಳು, ಎರಡನೇ ದಿನ ಆಗುಂಬೆ. ಧಾರಾವಾಹಿಯ ಚಿತ್ರೀಕರಣ ಈ ಎರಡೂ ಕಡೆ ನಡೆದಿತ್ತು. ತೀರ್ಪನ್ನು ಮಾತ್ರ ಮನೆಯಲ್ಲೇ ಬರೆದಿಟ್ಟಿದ್ದೆ. ಆಗುಂಬೆಯೇ ಅಸಲಿ, ಅರಸಾಳು ಸುಮ್ನೆ ಶೋ ಅಂತ.

ಅರಸಾಳು ಅಂದರೆ ಧಾರಾವಾಹಿಯಲ್ಲಿ ಬರುವ ಮಾಲ್ಗುಡಿ ರೈಲು ನಿಲ್ದಾಣ. ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿದೆ. ನಿರ್ದೇಶಕ ಶಂಕರ್‌ನಾಗ್ ಚಿತ್ರೀಕರಣ ಮಾಡಿದಾಗ ಇಲ್ಲಿದ್ದದ್ದು ಮೀಟರ್ ಗೇಜ್ ಹಳಿ, ಈಗ ಅದಕ್ಕಿಂತ ಅಗಲದ ಬ್ರಾಡ್ ಗೇಜ್. ಹಳೇ ನಿಲ್ದಾಣದ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಕಲಾವಿದ ಜಾನ್ ದೇವರಾಜ್ ಅವರ ಕೆಲಸ ಅದು. ಚಿಕ್ಕ ಜಾಗ. ಅವಸರದಲ್ಲಿ ನೋಡಿದರೆ ಅರ್ಧ ಗಂಟೆಯೂ ಬೇಡ. ಪಕ್ಕದಲ್ಲಿ ಹಳೇ ಬೋಗಿಯಲ್ಲಿ ‘ಮಾಲ್ಗುಡಿ ಚಾಯ್’. ಚಹಾ ನಮ್ಮ ಕಡೆಯಷ್ಟು ಖಡಕ್ ಇರಲಿಲ್ಲ, ಇರಲಿ ಬಿಡಿ.

ಎಲ್ಲಾ ನೋಡಿ ಮುಗಿಯಿತು ಅಂದುಕೊಂಡು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತಿದ್ದೆವು. ಜಿಟಿಜಿಟಿ ಮಳೆ, ಎದುರಿಗೆ ಮರಗಳು. ಆಗ ದೂರದಲ್ಲಿ ಹಾರ್ನ್ ಕೇಳಿಸಿತು. ನಿಜವಾದ ರೈಲು, ನಿಜವಾದ ಪ್ರಯಾಣಿಕರು! ಮಗ ಎದ್ದು ನಿಂತು ಧಾರಾವಾಹಿಗೆ ಎಲ್. ವೈದ್ಯನಾಥನ್ ಕೊಟ್ಟ ಆ ಟ್ಯೂನ್ ಗುನುಗಲು ಶುರುಮಾಡಿದ. ಅವನು ಧಾರಾವಾಹಿ ನೋಡಿದ್ದೆಲ್ಲ ಮೊಬೈಲ್‌ನಲ್ಲಿ. ಮ್ಯೂಸಿಯಂ ಒಳಗಿನ ಗೊಂಬೆಗಳಿಗಿಂತ ಆ ಎರಡು ನಿಮಿಷವೇ ನನಗೆ ಜಾಸ್ತಿ ಹಿಡಿಸಿತು.

ಮರುದಿನ ತೀರ್ಥಹಳ್ಳಿ ದಾಟಿ ಆಗುಂಬೆ. ಬಾಡಿಗೆ ಕಾರಿನವರು ವೈಪರ್ ಸರಿಯಿಲ್ಲದ ಗಾಡಿ ಕಳಿಸಿದ್ದರು, ಅದೂ ಜುಲೈನಲ್ಲಿ, ಅದೂ ಆಗುಂಬೆಗೆ! ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬಂದರೆ ಅಲ್ಲಿ ಸರಾಸರಿ 7,000 ಮಿ.ಮೀ.ಗೂ ಮೇಲೆ. ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿ ದಾರಿ ನೋಡುತ್ತಿದ್ದ, ಅವ್ವ ಮಾತ್ರ ಆರಾಮ. ‘ಇದರಾಗ ಕಾಲು ಭಾಗ ನಮಗ ಕೊಟ್ಟಿದ್ರ ಸಾಕಿತ್ತು’ ಅಂದಳು. ಸೂರ್ಯಾಸ್ತ ನೋಡುವ ಜಾಗದಲ್ಲಿ ಬರೀ ಬಿಳಿ ಮಂಜು. ಸೂರ್ಯನ ಮಾತು ಬಿಡಿ, ಮುಂದಿನ ಬೇಲಿಯೂ ಕಾಣಲಿಲ್ಲ. ನನ್ನ ಚಪ್ಪಲಿಗೆ ಹತ್ತಿದ್ದು ಜಿಗಣೆ. ಅಲ್ಲಿಯವರು ಅದಕ್ಕೆ ಇಂಬಳ ಅನ್ನುತ್ತಾರೆ.

ಆಗುಂಬೆಯಲ್ಲಿ ನೋಡಬೇಕಾದದ್ದು ದೊಡ್ಡಮನೆ. ನೂರು ವರ್ಷ ದಾಟಿದ ತೊಟ್ಟಿ ಮನೆ, ಧಾರಾವಾಹಿಯ ಹಲವು ಕಂತುಗಳಲ್ಲಿ ಬರುತ್ತದೆ. ಅವ್ವ ಒಳಗೆ ಕಾಲಿಟ್ಟವಳು ಧಾರಾವಾಹಿಯ ಪುಟ್ಟ ಹುಡುಗ ಸ್ವಾಮಿಯನ್ನೂ ಮರೆತಳು, ಮಾಲ್ಗುಡಿಯನ್ನೂ ಮರೆತಳು. ಒಂದೊಂದೇ ಕಂಬ ಮುಟ್ಟುತ್ತಾ ‘ಎಷ್ಟು ಕಟ್ಟಿಗೆ, ಎಷ್ಟು ಕಟ್ಟಿಗೆ’ ಅನ್ನುತ್ತಿದ್ದಳು. ನಮ್ಮದು ಮೇಲ್ಮುದ್ದೆ ಹಾಕಿದ ಮಣ್ಣಿನ ಮಾಳಿಗೆ. ಅಲ್ಲಿ ಬೆಳಕು ಬರುವುದು ಗೇಣಗಲದ ಬೆಳಕಿಂಡಿಯಿಂದ. ಇಲ್ಲಿ ಮನೆಯ ನಡುವೆಯೇ ಆಕಾಶ, ಅದರಿಂದ ಮಳೆ ಧೋ ಅಂತ ಅಂಗಳಕ್ಕೆ ಬೀಳುತ್ತಿದೆ! ಕುಡಿಯಲು ಬಿಸಿ ಕಷಾಯ ಸಿಕ್ಕಿತು. ಇಷ್ಟೇ ಕೊಡಿ ಅಂತ ದರಪಟ್ಟಿ ಇಲ್ಲ. ಅದಕ್ಕೆ ಅವ್ವ ದುಡ್ಡಿನ ಜೊತೆಗೆ ಚೀಲದಲ್ಲಿದ್ದ ಶೇಂಗಾ ಚಟ್ನಿಯನ್ನೂ ಕೊಟ್ಟು ಬಂದಳು.

ಇಷ್ಟಾದರೂ ನನಗೆ ಅಲ್ಲಿ ಸಂಕೋಚವೇ ಜಾಸ್ತಿ. ಅದು ಜನ ಬಾಳುತ್ತಿರುವ ಮನೆ. ಒಗೆದ ಬಟ್ಟೆ ಒಣಗಲು ಹಾಕಿದ್ದರು, ಒಳಗೆ ಅಡುಗೆ ನಡೆದಿತ್ತು. ಅದರ ನಡುವೆ ಫೋನ್ ಎತ್ತಿಕೊಂಡು ‘ಸ್ವಾಮಿ ಕೂತಿದ್ದು ಇಲ್ಲೇನಾ?’ ಅಂತ ಕೇಳೋದು ಹೇಗೆ? ನಾಲ್ಕು ಫೋಟೋ ತೆಗೆದು ಸುಮ್ಮನಾದೆ. ಊರಿನ ಬೀದಿಯೂ ಈಗ ಬದಲಾಗಿದೆ. ಟಿವಿಯಲ್ಲಿ ಕಂಡದ್ದನ್ನು ನಾವೇ ಹುಡುಕಿ, ಊಹಿಸಿ ಹೊಂದಿಸಿಕೊಳ್ಳಬೇಕು. ಅರಸಾಳಿನಲ್ಲಿ ಆ ತಾಪತ್ರಯ ಇಲ್ಲ. ನೋಡಲಿ ಅಂತಲೇ ಇಟ್ಟಿದ್ದಾರೆ, ಎಷ್ಟು ಹೊತ್ತು ನಿಂತರೂ ಯಾರ ಊಟಕ್ಕೂ ಅಡ್ಡಿಯಿಲ್ಲ.

ಹಾಗಾಗಿ ಮನೆಯಲ್ಲಿ ಬರೆದಿಟ್ಟ ತೀರ್ಪನ್ನು ಹರಿದು ಹಾಕಿದೆ. ಒಂದೇ ದಿನ ಕೈಯಲ್ಲಿದ್ದು, ಜೊತೆಗೆ ಮಕ್ಕಳಿದ್ದರೆ ಅರಸಾಳು. ಶಿವಮೊಗ್ಗದಿಂದ ಅದೇ ಹತ್ತಿರ. ಅದೇ ಮಾರ್ಗ ಹಿಡಿದು ಮುಂದೆ ಹೋದರೆ ತಾಳಗುಪ್ಪ, ಅಲ್ಲಿಂದ ಜೋಗವೂ ಆಗುತ್ತದೆ. ಹೋಗುವ ಮುಂಚೆ ರೈಲಿನ ಸಮಯ ನೋಡಿಕೊಂಡು ಹೊರಡಿ, ಆ ಎರಡು ನಿಮಿಷ ತಪ್ಪಿಸಿಕೊಳ್ಳಬೇಡಿ. ಆಗುಂಬೆಗೆ ಹೋಗುವುದಾದರೆ ಹಗಲು ಹೋಗಿ ಸಂಜೆ ಬರುವ ಲೆಕ್ಕ ಬೇಡ, ಒಂದು ರಾತ್ರಿ ಉಳಿಯುವ ಹಾಗೆ ಹೋಗಿ. ಸೂರ್ಯಾಸ್ತವೂ ಬೇಕು ಅನ್ನುವವರು ಮಳೆಗಾಲ ಕಳೆದ ಮೇಲೆ ಹೊರಡಿ. ಅವ್ವನ ಓಟು ಮಾತ್ರ ಇವತ್ತಿಗೂ ಆಗುಂಬೆಗೇ. ಡಿಸೆಂಬರ್‌ಗೆ ಟಿಕೆಟ್ ಮಾಡಿಸು ಅಂತ ಆಗಲೇ ಎರಡು ಸಲ ಹೇಳಿದ್ದಾಳೆ. ಈ ಸಲ ಗಾಡಿ ಹತ್ತುವ ಮುಂಚೆ ವೈಪರ್ ನೋಡಬೇಕಂತೆ.