ಬ್ಲಾಕ್ ಇದೆ, ಸ್ಟೆಂಟ್ ಬೇಕಾ? ಕಣ್ಣಳತೆಯೋ, ಪ್ರೆಶರ್ ವೈರೋ

ತೋಟದ ದರೆ ಹತ್ತುವಾಗ ಎದೆ ಹಿಡಿದುಕೊಳ್ಳುತ್ತಿತ್ತು. ಶಿವಮೊಗ್ಗದಲ್ಲಿ ಆಂಜಿಯೋಗ್ರಾಮ್ ಆಯಿತು. ಹೃದಯದ ಎರಡು ರಕ್ತನಾಳದಲ್ಲಿ ಬ್ಲಾಕ್, ಎರಡೂ 70 ಪರ್ಸೆಂಟ್ ಆಸುಪಾಸು, ಎರಡಕ್ಕೂ ಸ್ಟೆಂಟ್ ಹಾಕಬಹುದು ಎಂದರು. ಆಮೇಲೆ ಘಟ್ಟ ಇಳಿದು ಕರಾವಳಿಯ ಆಸ್ಪತ್ರೆಯೊಂದರಲ್ಲಿ ಅದೇ ಬ್ಲಾಕ್‌ಗಳ ಪ್ರೆಶರ್ ಅಳೆಸಿಕೊಂಡೆ.

ಆಂಜಿಯೋಗ್ರಾಮ್ ತೋರಿಸುವುದು ನಾಳ ಎಷ್ಟು ಕಿರಿದಾಗಿದೆ ಎಂದು. ಆ ಪರ್ಸೆಂಟ್ ಹೆಚ್ಚಾಗಿ ಕಣ್ಣಂದಾಜು. ಮುಂದಕ್ಕೆ ರಕ್ತ ಸಾಕಷ್ಟು ಹೋಗುತ್ತಿದೆಯಾ ಎನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ.

ಅದನ್ನು ಅಳೆಯುವ ಒಂದು ಪರೀಕ್ಷೆ ಎಫ್‌ಎಫ್‌ಆರ್. ಇದರಲ್ಲಿ ಸೆನ್ಸರ್ ಇರುವ ಸಣ್ಣ ತಂತಿಯನ್ನು, ಅಂದರೆ ಪ್ರೆಶರ್ ವೈರನ್ನು, ಬ್ಲಾಕ್ ದಾಟಿಸುತ್ತಾರೆ. ಅಡಿಕೆ ತೋಟದಲ್ಲಿ ಪಂಪ್ ಹತ್ತಿರದ ಪ್ರೆಶರನ್ನೂ ಕೊನೆಯ ಜೆಟ್‌ನ ಪ್ರೆಶರನ್ನೂ ಹೋಲಿಸುವ ಹಾಗೆ. ಬ್ಲಾಕ್ ಆಚೆಯ ಪ್ರೆಶರನ್ನು ಮಹಾಧಮನಿಯ ಪ್ರೆಶರಿನಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಸರಿಯಿದ್ದರೆ 1. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸ್ಟೆಂಟ್‌ನಿಂದ ಉಪಯೋಗ ಜಾಸ್ತಿ. ಅದಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಮಾತ್ರೆ ಸಾಕು.

ಅಳೆಯುವಾಗ ಅಡೆನೋಸಿನ್ ಎಂಬ ಔಷಧಿ ಕೊಟ್ಟು ರಕ್ತದ ಓಟ ಹೆಚ್ಚಿಸುತ್ತಾರೆ. ಹಿಂದಿನ ದಿನವೇ ಕಾಫಿ ಬಿಡಿ ಎಂದಿದ್ದರು, ಕೆಫೀನ್ ಆ ಔಷಧಿಯ ಕೆಲಸ ತಡೆಯುತ್ತದೆ. ಔಷಧಿ ಒಳಗೆ ಹೋಗುತ್ತಿದ್ದ ಹಾಗೆ ಎದೆ ಭಾರ, ಏದುಸಿರು, ಮುಖವೆಲ್ಲ ಬಿಸಿ. ನಿಲ್ಲಿಸಿದ ಕೂಡಲೇ ಇಳಿಯಿತು. ಆಸ್ತಮಾ ಇದ್ದವರು ಮೊದಲೇ ಹೇಳಲೇಬೇಕು.

ಅದೇ ತರಹದ ತಂತಿಯಿಂದ ಮಾಡುವ ಇನ್ನೊಂದು ಅಳತೆ ಐಎಫ್‌ಆರ್. ಅದಕ್ಕೆ ಈ ಔಷಧಿಯೇ ಬೇಡ. ಅದರ ಗೆರೆ 0.89, ಅಷ್ಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ಸ್ಟೆಂಟ್. ಎಫ್‌ಎಫ್‌ಆರ್‌ಗಿಂತ ಇದು ಹಿಂದೆ ಬೀಳುವುದಿಲ್ಲ ಎಂದು 2017ರಲ್ಲಿ ಎರಡು ದೊಡ್ಡ ಅಧ್ಯಯನಗಳು ತೋರಿಸಿವೆ. ನನಗೆ ಮೊದಲು ಮಾಡಿದ್ದು ಇದನ್ನೇ, ಮೈಗೆ ಏನೂ ಗೊತ್ತಾಗಲಿಲ್ಲ. ಒಂದು ನಾಳ 0.82 ಬಂತು, ಅದಕ್ಕೆ ಸ್ಟೆಂಟ್ ಆಯಿತು. ಇನ್ನೊಂದು 0.90, ಗೆರೆಗೆ ತೀರಾ ಹತ್ತಿರ. ಹಾಗಾಗಿ ಅಡೆನೋಸಿನ್ ಕೊಟ್ಟು ನೋಡಿದರು, 0.86 ಬಂತು. ಅದು ಈಗಲೂ ಮಾತ್ರೆಯಲ್ಲೇ ಇದೆ.

ನನ್ನ ಆಯ್ಕೆ ಇದೇ ಕ್ರಮ: ಮೊದಲು ಐಎಫ್‌ಆರ್, ಅನುಮಾನ ಬಂದರೆ ಎಫ್‌ಎಫ್‌ಆರ್. ಬರೀ ಕಣ್ಣಳತೆ ಮೂರನೇ ಸ್ಥಾನ. 2009ರ ಫೇಮ್ ಅಧ್ಯಯನದಲ್ಲಿ 1005 ರೋಗಿಗಳಿದ್ದರು. ಕಣ್ಣಳತೆಯ ಗುಂಪಿಗೆ ತಲಾ ಸರಾಸರಿ 2.7 ಸ್ಟೆಂಟ್, ಎಫ್‌ಎಫ್‌ಆರ್ ಅಳೆಸಿಕೊಂಡವರಿಗೆ 1.9. ಒಂದು ವರ್ಷದೊಳಗೆ ಸಾವು, ಹೃದಯಾಘಾತ ಅಥವಾ ಮತ್ತೆ ಚಿಕಿತ್ಸೆ ಕಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 18.3, ಎರಡನೆಯದರಲ್ಲಿ 13.2. ಕಡಿಮೆ ಸ್ಟೆಂಟ್, ಕಡಿಮೆ ತೊಂದರೆ. ವೈರ್‌ಗೆ ಹೆಚ್ಚುವರಿ ದುಡ್ಡು ಹೌದು, ಆದರೆ ನನಗೆ ಒಂದು ಸ್ಟೆಂಟ್‌ನ ಖರ್ಚು ಉಳಿಯಿತಲ್ವಾ.

ಹಾರ್ಟ್ ಅಟ್ಯಾಕ್ ಆಗುತ್ತಿದ್ದರೆ ಅಟ್ಯಾಕ್ ತಂದ ನಾಳವನ್ನು ಅಳೆಯುತ್ತಾ ಕೂರುವಂತಿಲ್ಲ, ತಕ್ಷಣ ತೆರೆಯಬೇಕು. 90 ಪರ್ಸೆಂಟ್ ದಾಟಿದ ಬ್ಲಾಕ್‌ಗೂ ಸಾಮಾನ್ಯವಾಗಿ ಇದು ಬೇಕಾಗದು. ನಡುವಿನ ಬ್ಲಾಕ್ ಆದರೆ, ಪ್ರೆಶರ್ ವೈರ್ ಇದೆಯಾ ಎಂದು ಆಂಜಿಯೋಗ್ರಾಮ್‌ಗೆ ಮೊದಲೇ ಕೇಳಿ. ಇದ್ದರೆ ಎಲ್ಲಾ ಒಂದೇ ಸಲಕ್ಕೆ ಮುಗಿಯುತ್ತದೆ.